ರೋಲರ್ ಕೋಣೆಗೆ ಬಂದ ಬೆಲ್

೭ ಜೂನ್

ಸೂಜಿಗೆ,

ಕೊಡುತ್ತೇವೆ ಎಂದದ್ದು: ಲಾಂಡ್ರಿಯ ಇಸ್ತ್ರಿ ರೋಲರ್ ಕೋಣೆಗೆ ಎರಡು ದೊಡ್ಡ ಫ್ಯಾನು. ಬಿಸಿ ಬಟ್ಟೆ ಹಿಡಿಯುವವರಿಗೆ ದಪ್ಪ ಕೈಗವಸು. ಕಿವಿಗೆ ಇಟ್ಟುಕೊಳ್ಳಲು ರಬ್ಬರಿನ ಬಿರಡೆ. ಕೂರಲು ಒಂದು ಬೆಂಚು. ಕೆಲಸಗಾರರೊಳಗಿಂದಲೇ ಒಬ್ಬರನ್ನು ಆರಿಸಿ ಸೂಪರ್‌ವೈಸರ್ ಮಾಡುವುದು.

ಕೊಟ್ಟದ್ದು: ಒಂದು ಫ್ಯಾನು. ಅದು ಆಫೀಸಿನ ಕಡೆ ಮುಖ ಮಾಡಿಕೊಂಡು ತಿರುಗುತ್ತದೆ.

ಕೊಡದೇ ಇದ್ದದ್ದು: ಉಳಿದದ್ದೆಲ್ಲ.

ನಗಬೇಡ. ಸಂಘದ ಕರಪತ್ರ ಬರೆಸಿ ಬರೆಸಿ ನನ್ನ ಕೈ ಹೀಗೇ ಓಡುತ್ತದೆ. ನಿನ್ನಮ್ಮ ಸತ್ತ ಮೇಲೆ ನಿನಗೆ ಅಕ್ಷರ ತಿದ್ದಿಸಿದ್ದು ಉಳಿದ ಕರಪತ್ರಗಳ ಹಿಂಬದಿಯ ಮೇಲೆ. ಆವತ್ತು ಹೇಳಿದ್ದನ್ನೇ ಈಗಲೂ ಹೇಳುತ್ತೇನೆ: ಮೊದಲು ಅವರು ಏನು ಕೊಡ್ತೀವಿ ಅಂದರು, ಏನು ಕೊಡಲಿಲ್ಲ, ಅದನ್ನು ಬರಿ. ಕೊನೆಗೆ ಸಭೆ ಯಾವ ದಿನ, ಎಷ್ಟು ಗಂಟೆಗೆ ಅಂತ ಬರಿ. ನಡುವೆ ಹೊಟ್ಟೆಯೊಳಗಿನ ಬೆಂಕಿ ಎಷ್ಟು ಹಿಡಿಸುತ್ತದೋ ಅಷ್ಟು ತುಂಬು.

ಮೇಲಿನ ಮೊದಲ ಪಟ್ಟಿಯ ಕೊನೆಯ ಸಾಲನ್ನು ಇನ್ನೊಂದು ಸಲ ಓದು. ಕೆಲಸಗಾರರೊಳಗಿಂದಲೇ ಒಬ್ಬರು. ಅದಕ್ಕಾಗಿ ನಾವು ಗೇಟಿನ ಮುಂದೆ ಬಿಸಿಲಲ್ಲಿ ಕೂತು ಕರಕಲಾದೆವು. ಈಗ ಅವರಾಗಿಯೇ ಆ ಕೆಲಸದ ತರಬೇತಿಗೆ ಕರೆದಿದ್ದಾರೆ. 'ನಾಳಿನ ನಾಯಕರು' ಅಂತ ಹೆಸರಿಟ್ಟಿದ್ದಾರೆ. ಮೂವತ್ತೈದರೊಳಗಿನವರು ಮಾತ್ರ ಅಂತ ಗೆರೆ ಎಳೆದಿದ್ದಾರೆ. ಬೆಕ್ಕು ತಾನಾಗಿ ಹಾಲಿನ ಪಾತ್ರೆ ಮುಚ್ಚಿತು ಅಂದರೆ ನಂಬುವವಳಲ್ಲ ನಾನು. ಆದರೂ ಹೋಗು ಅಂದವಳು ನಾನೇ. ಆ ಕುರ್ಚಿಯ ಮೇಲೆ ನಮ್ಮವಳೊಬ್ಬಳು ಕೂರಲಿ. ರೋಲರಿನ ಬಿಸಿ ಗೊತ್ತಿರುವ ಕೈ ಅಲ್ಲಿ ಸಹಿ ಹಾಕಲಿ. ನನ್ನ ಆಸೆ ಇಷ್ಟೇ.

ಸಂಘದಲ್ಲಿ ಕೆಲವರು ಮೂಗು ಮುರಿದರು. "ಅಧ್ಯಕ್ಷೆಯ ಮಗಳಂಥವಳೇ ಮ್ಯಾನೇಜರ್ ಕಡೆ ಹೊರಟಳು" ಅಂದರು. ಅದಕ್ಕೆ ಗಿಣಿ ಉತ್ತರ ಕೊಟ್ಟಳು: "ಹೋಗೋದು ಬಿಡಿ, ಅಲ್ಲಿ ಎ.ಸಿ. ಇದೆಯಂತೆ, ನನ್ನ ವಯಸ್ಸು ಕಮ್ಮಿ ಮಾಡಿ ಬರೆದುಕೊಡಿ, ನಾನೂ ಹೋಗ್ತೀನಿ." ರೋಲರಿನ ಎದುರು ಇಷ್ಟು ವರ್ಷ ನನ್ನ ಜೋಡಿಯಾಗಿ ನಿಂತವಳು, ಅವಳ ಬಾಯಿಗೆ ಎದುರು ಯಾರು ನಿಲ್ಲುತ್ತಾರೆ.

ಫೋನ್ ಮಾಡಬೇಡ. ನೀನು ಮಾತಾಡಿದರೆ ನನಗೆ ಜೇನುಹುಳ ಗುಂಯ್ ಅಂದ ಹಾಗೆ. ರೋಲರ್ ನನ್ನ ಎರಡೂ ಕಿವಿ ತಿಂದು ತೇಗಿದೆ. ಮೊಬೈಲಿನ ಅಕ್ಷರ ಇರುವೆ ಸಾಲು, ಕಣ್ಣಿಗೆ ಹತ್ತುವುದಿಲ್ಲ. ದಪ್ಪಕ್ಷರದಲ್ಲಿ ಪತ್ರ ಬರಿ. ನಿಮ್ಮ ತರಬೇತಿ ಹಾಸ್ಟೆಲಿನ ಬೆಡ್‌ಶೀಟುಗಳನ್ನೂ ನಮ್ಮ ಲಾಂಡ್ರಿಯಲ್ಲೇ ಒಗೆಯುವುದು. ಲಾರಿ ಡ್ರೈವರಿಗೆ ಹೇಳಿದ್ದೇನೆ, ಕೊಳೆ ಬಟ್ಟೆಯ ಜೊತೆ ತರುತ್ತಾನೆ.

ಚೆನ್ನಾಗಿ ಕಲಿ. ಯಾರಿಗಾಗಿ ಕಲಿಯುತ್ತಿದ್ದೀಯ ಅನ್ನುವುದನ್ನು ಮರೆಯಬೇಡ.

ನಿನ್ನ
ದೊಡ್ಡಮ್ಮ


೨೧ ಜೂನ್

ದೊಡ್ಡಮ್ಮನಿಗೆ,

ಇಲ್ಲಿ ಕುರ್ಚಿಗಳಿಗೆ ಚಕ್ರ ಇವೆ. ಗೋಡೆಗಳೆಲ್ಲ ಗಾಜು. ಬಾಗಿಲು ಯಾವುದು ಅಂತ ತಿಳಿಯದೆ ಮೊದಲ ದಿನ ಹಣೆ ಚಚ್ಚಿಕೊಂಡೆ. ನೆಲದ ಮೇಲೆ ದಪ್ಪ ಹಾಸು, ನಡೆದರೆ ಸದ್ದೇ ಬರುವುದಿಲ್ಲ. ನಮ್ಮ ಕೋಣೆಯಿಂದ ಬಂದವಳಿಗೆ ಇಷ್ಟು ನಿಶ್ಶಬ್ದ ಅಂದರೆ ಏನೋ ಕೆಟ್ಟು ನಿಂತಿದೆ ಅನಿಸುತ್ತದೆ. ಮೆಷಿನ್ ಎಲ್ಲಿ ನಿಂತಿತು ಅಂತ ತಿರುಗಿ ತಿರುಗಿ ನೋಡುತ್ತೇನೆ.

ತರಬೇತಿ ಕೊಡುವ ಮೇಡಂ ನನಗಿಂತ ಎರಡೋ ಮೂರೋ ವರ್ಷ ದೊಡ್ಡವರು. ಮೊದಲ ದಿನ ಬೋರ್ಡಿನ ಮೇಲೆ ನಮ್ಮ ತಲೆಮಾರಿನ ಬಗ್ಗೆ ಜನ ಆಡುವ ಮಾತೆಲ್ಲ ಬರೆದರು. ತಾಳ್ಮೆ ಇಲ್ಲ. ಒಂದು ಕಡೆ ನಿಲ್ಲುವುದಿಲ್ಲ. ಎಲ್ಲದಕ್ಕೂ ಯಾಕೆ ಅಂತ ಕೇಳುತ್ತಾರೆ. ಆಮೇಲೆ ಡಸ್ಟರಿನಲ್ಲಿ ಅದನ್ನೆಲ್ಲ ಒರೆಸಿದರು. "ಯಾಕೆ ಅಂತ ಕೇಳೋರೇ ನಮಗೆ ಬೇಕಾಗಿರೋದು. ನಿಮ್ಮನ್ನ ಯಾರೂ ಮಾತಾಡೋಕೆ ಬಿಟ್ಟಿಲ್ಲ, ಅಷ್ಟೇ" ಅಂದರು. ದೊಡ್ಡಮ್ಮ, ಆ ಮಾತನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಇಲ್ಲಿ ಒಂದು ಚೆಂಡು ಎಸೆಯುತ್ತಾರೆ. ಚೆಂಡು ಯಾರ ಕೈಗೆ ಬಂತೋ ಅವರು ತಮ್ಮ ಕೆಲಸದ ಜಾಗದಲ್ಲಿ ಕಂಡ ನಾಯಕತ್ವದ ಒಂದು ಉದಾಹರಣೆ ಹೇಳಬೇಕು. ಉಳಿದವರು ಅವರವರ ಮ್ಯಾನೇಜರ್ ಬಗ್ಗೆ ಹೇಳಿ ಬೆಣ್ಣೆ ಹಚ್ಚಿದರು. ನಾನು ನಿಮ್ಮೆಲ್ಲರ ಬಗ್ಗೆ ಹೇಳಿದೆ. ಅಂಗೈ ತೋರಿಸುವುದನ್ನು ಹೇಳಿದೆ.

"ಇಬ್ಬರು ಒದ್ದೆ ಬೆಡ್‌ಶೀಟಿನ ಮೂಲೆ ಹಿಡಿದು ರೋಲರಿಗೆ ಹಾಕ್ತಾರೆ. ಆ ಕಡೆ ಇಬ್ಬರು ಕಾದ ಬಟ್ಟೆ ಹಿಡಿದು ಮಡಚ್ತಾರೆ. ಹಿಡಿಯೋರ ಬೆರಳು ಜೋಮು ಹಿಡಿದಾಗ ಅಂಗೈ ಮೇಲೆತ್ತಿ ತೋರಿಸ್ತಾರೆ. ತೋರಿಸಿದ್ದೇ ತಡ, ಹಾಕೋರು ಆ ಕಡೆ, ಹಿಡಿಯೋರು ಈ ಕಡೆ. ಮೆಷಿನ್ ನಿಲ್ಲಲ್ಲ. ಯಾಕೆ ಅಂತ ಯಾರೂ ಕೇಳಬಾರದು. ಸೂಪರ್‌ವೈಸರಿಗೆ ಇದು ಗೊತ್ತೇ ಇಲ್ಲ. ಇವರು ಮೈ ಮುರೀತಿದ್ದಾರೆ ಅಂದ್ಕೊಂಡಿದ್ದಾನೆ."

ಎಲ್ಲರೂ ನಕ್ಕರು. ಆಮೇಲೆ ಚಪ್ಪಾಳೆ ತಟ್ಟಿದರು. ಮೇಡಂ ಬೋರ್ಡಿನ ಮೇಲೆ ದೊಡ್ಡದಾಗಿ ಒಂದು ಅಂಗೈ ಬರೆದು, "ಅಧಿಕಾರ ಇಲ್ಲದೆ ಮುನ್ನಡೆಸೋದು ಅಂದ್ರೆ ಇದೇ" ಅಂದರು. ಯಾರೂ ನಡುವೆ ಬಾಯಿ ಹಾಕಲಿಲ್ಲ, ನಾನು ಮುಗಿಸುವವರೆಗೆ ಕೇಳಿಸಿಕೊಂಡರು. ಸಂಘದ ಸಭೆಯಲ್ಲಿ ನಾನು ಎದ್ದು ನಿಂತರೆ "ಕೂತ್ಕೊಳಮ್ಮ, ಮುಂದಿನ ಸಲ" ಅನ್ನುತ್ತಿದ್ದರು. ನೀನೂ ಅನ್ನುತ್ತಿದ್ದೆ. ಬೇಜಾರಿನಿಂದ ಬರೆಯುತ್ತಿಲ್ಲ, ನೆನಪಾಯಿತು ಅಷ್ಟೇ.

ಗಿಣಿಯತ್ತೆಗೆ ಹೇಳು: ಎ.ಸಿ. ಇರುವುದು ನಿಜ. ಚಳಿ ತಡೆಯದೆ ಶಾಲು ಹೊದ್ದು ಕೂತಿದ್ದೇನೆ.

ನಿನ್ನ
ಸೂಜಿ


೯ ಜುಲೈ

ಸೂಜಿಗೆ,

ಯಾಕೆ ಹೇಳಿದೆ?

ನಿನ್ನ ಪತ್ರ ಓದುವಾಗ ಗಿಣಿ ಪಕ್ಕದಲ್ಲಿದ್ದಳು. ಚಪ್ಪಾಳೆಯ ಸಾಲಿಗೆ ಬಂದಾಗ ಅವಳು ಎದ್ದು ಹೊರಗೆ ಹೋದಳು. ಗಿಣಿ ಒಂದು ತಮಾಷೆ ಮಾಡದೆ ಎದ್ದು ಹೋದದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯಾ?

ಆ ಅಂಗೈ ನಮ್ಮದು. ಅದು ಯಾವ ಒಪ್ಪಂದದಲ್ಲೂ ಇಲ್ಲ, ಯಾವ ನಿಯಮದಲ್ಲೂ ಇಲ್ಲ. ಯಾರೂ ಕೊಟ್ಟದ್ದಲ್ಲ, ಹಾಗಾಗಿ ಯಾರೂ ಕಿತ್ತುಕೊಳ್ಳುವ ಹಾಗಿರಲಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದ ಬಂದದ್ದು. ಕಿವಿ ಹೋದವರ ಕೋಣೆ ಅದು. ಕೂಗಿದರೆ ಕೇಳದು ಅಂತಲೇ ನಮಗಿಂತ ಮುಂಚಿನ ಹಿರಿಯರು ಕೈ ಎತ್ತುವುದನ್ನು ಕಂಡುಕೊಂಡರು. ಸೂಪರ್‌ವೈಸರ್ ಕಣ್ಣೆದುರಿಗೇ ಅದನ್ನು ಬಚ್ಚಿಟ್ಟು ಕಾಪಾಡಿಕೊಂಡು ಬಂದೆವು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ನೀನು ಕೊಟ್ಟುಬಂದೆ.

ಮೊನ್ನೆ ಮ್ಯಾನೇಜರ್ ನಮ್ಮ ಕೋಣೆಗೆ ಬಂದ. ಗರಿಗರಿ ಅಂಗಿ, ಒಂದು ಸುಕ್ಕಿಲ್ಲ. ಗಿಣಿ ಅವನಿಗೆ ಇಸ್ತ್ರಿ ಸಾಹೇಬ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಜೊತೆಗೆ ಇಬ್ಬರು ಹುಡುಗರು, ಕೈಯಲ್ಲಿ ಗಡಿಯಾರ. ನಾವು ಎಷ್ಟು ಹೊತ್ತಿಗೊಮ್ಮೆ ಕೈ ಎತ್ತುತ್ತೇವೆ ಅಂತ ನೋಡುತ್ತಾ ನಿಂತರು. ನೋಡುತ್ತಾ ನಿಂತಾಗ ಯಾರು ಎತ್ತುತ್ತಾರೆ? ಆವತ್ತು ಯಾರೂ ಎತ್ತಲಿಲ್ಲ. ಮನೆಗೆ ಬಂದು ಗಿಣಿ ತಣ್ಣೀರಿನ ಬಕೆಟ್ಟಿನಲ್ಲಿ ಕೈ ಅದ್ದಿ ಕೂತಳು. ಇಸ್ತ್ರಿ ಸಾಹೇಬ ಹೊರಡುವ ಮುಂಚೆ ಗೋಡೆಗೆ ಒಂದು ಚಿತ್ರ ಅಂಟಿಸಿದ. ದೊಡ್ಡ ಅಂಗೈ. ಕೆಳಗೆ ನಿನ್ನ ಫೋಟೋ.

ಕೋಣೆಯವರು ಆ ಚಿತ್ರಕ್ಕೆ ಬೆನ್ನು ಹಾಕಿ ಬಟ್ಟೆ ಮಡಚುತ್ತಾರೆ. ಬೈದಿದ್ದರೆ ಸಲೀಸಾಗಿರುತ್ತಿತ್ತು.

ಇದರ ಬದಲಿಗೆ ಏನೋ ತರುತ್ತಾರಂತೆ. ಏನು ಅಂತ ಇಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ. ನಿನಗೆ ಗೊತ್ತಿದ್ದರೆ ಕೂಡಲೇ ಬರಿ. ತಯಾರಾಗಬೇಕು.

ದೊಡ್ಡಮ್ಮ


೨೪ ಆಗಸ್ಟ್

ದೊಡ್ಡಮ್ಮನಿಗೆ,

ಉತ್ತರ ತಡವಾಯಿತು. ಇಲ್ಲಿ ಒಂದರ ಮೇಲೊಂದು ಪರೀಕ್ಷೆ. ನೀನೂ ಮತ್ತೆ ಬರೆಯಲಿಲ್ಲ. ಕೋಪ ಇನ್ನೂ ಇಳಿದಿಲ್ಲ ಅಂದುಕೊಂಡು ನಾನೂ ಸುಮ್ಮನಿದ್ದೆ.

ನೀನು ಕೇಳಿದ್ದಕ್ಕೆ ಉತ್ತರ: ಬೆಲ್ ಅಂತೆ. ಇಷ್ಟು ಹೊತ್ತಿಗೆ ಬಂದೂ ಇರಬೇಕು. ಹೊತ್ತು ಹೊತ್ತಿಗೆ ಬೆಲ್ ಆಗುತ್ತದೆ, ಆಗ ಎಲ್ಲರೂ ಜಾಗ ಬದಲಿಸಬೇಕು. ಕೇಳುವ ಗೋಜಿಲ್ಲ, ತೋರಿಸುವ ಗೋಜಿಲ್ಲ. ಎಲ್ಲರಿಗೂ ಸಮ. ಒಳ್ಳೆಯದಕ್ಕೇ ಮಾಡಿದ್ದಾರೆ ಅಂತ ನನಗೆ ಅನಿಸುತ್ತದೆ. ನಿನಗೆ ಏನನಿಸಿತು?

ಒಂದು ಸುದ್ದಿ ಹೇಳಲೇಬೇಕು. ಹೋದ ವಾರ ಮೇಡಂ ಒಂದು ಅಭ್ಯಾಸ ಕೊಟ್ಟರು. ಯಾವುದೋ ಘಟಕದಲ್ಲಿ ಒಬ್ಬಳು ಕೆಲಸಗಾರಳು ಸೂಚನೆ ಬಂದ ಮೇಲೂ ಜಾಗ ಬದಲಿಸಲಿಲ್ಲ, ಕೈಗೆ ಗಾಯ ಮಾಡಿಕೊಂಡಳು. ಅವಳಿಗೆ ನೋಟೀಸು ಬರೆಯಬೇಕು. ಗಟ್ಟಿಯಾಗಿರಬೇಕು, ಆದರೆ ಕೂಗಾಡಬಾರದು. "ಕಷ್ಟದ ಮಾತನ್ನ ಆಡೋಕೆ ಆಗದವರು ನಾಯಕರಾಗಲ್ಲ" ಅಂದರು. ಎಲ್ಲರೂ ಒದ್ದಾಡಿದರು. ಒಬ್ಬ ಕ್ಷಮಿಸಿ ಅಂತ ಶುರು ಮಾಡಿದ, ಇನ್ನೊಬ್ಬಳು ಬೈದೇಬಿಟ್ಟಳು. ನನಗೆ ಮಾತ್ರ ಸಲೀಸಾಗಿ ಬಂತು. ನೀನು ಕಲಿಸಿದ ಹಾಗೇ ಬರೆದೆ. ಮೊದಲು ಅವಳಿಂದ ಏನನ್ನು ನಿರೀಕ್ಷಿಸಲಾಗಿತ್ತು, ಅವಳು ಏನು ಮಾಡಲಿಲ್ಲ. ಕೊನೆಗೆ ವಿಚಾರಣೆ ಯಾವ ದಿನ, ಎಷ್ಟು ಗಂಟೆಗೆ ಅನ್ನುವುದಕ್ಕೆ ಜಾಗ ಬಿಟ್ಟೆ. ಮೇಡಂ ಎಲ್ಲರಿಗೂ ಓದಿ ಹೇಳಿದರು. ಎಲ್ಲ ಘಟಕಗಳಿಗೂ ಮಾದರಿಯಾಗಿ ಕಳಿಸುತ್ತಾರಂತೆ.

ನಿನಗೆ ಹೆಮ್ಮೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಒಂದು ಸಾಲಾದರೂ ಬರಿ.

ನಿನ್ನ
ಸೂಜಿ


೧೦ ಸೆಪ್ಟೆಂಬರ್

ಸೂಜಿಗೆ,

ನಾನು ಚೆನ್ನಾಗಿದ್ದೇನೆ. ಕನ್ನಡಕ ಒಡೆದಿದೆ. ಹಾಗಾಗಿ ಗಿಣಿಯ ಕೈಯಲ್ಲಿ ಬರೆಸುತ್ತಿದ್ದೇನೆ. ತರಬೇತಿ ಮುಗಿಯುವವರೆಗೆ ಇತ್ತ ಬರುವ ಯೋಚನೆ ಮಾಡಬೇಡ. ಪತ್ರ ಚೆನ್ನಾಗಿತ್ತು.

ದೊಡ್ಡಮ್ಮ

ಇಷ್ಟು ಅವಳು ಹೇಳಿ ಬರೆಸಿದ್ದು. ಇನ್ನು ಕೆಳಗಿನದು ನನ್ನದು, ಗಿಣಿಯದು. ಅವಳು ಒಳಗೆ ಮಲಗಿದ್ದಾಳೆ. ನಾನು ಜೋರಾಗಿ ಓದಿಕೊಂಡು ಬರೆದರೂ ಅವಳಿಗೆ ಕೇಳಲ್ಲ, ಅದೊಂದು ಅನುಕೂಲ.

ಕನ್ನಡಕ ಒಡೆದಿಲ್ಲ. ಮೂಗಿನ ಮೇಲೇ ಇದೆ. ಸುಟ್ಟಿರೋದು ಕೈ. ಬಲಗೈ, ಅಂಗೈ ಪೂರ್ತಿ.

ಹೋದ ತಿಂಗಳು, ಬೆಲ್ ಬಂದ ಮೂರನೇ ದಿನ. ಅವಳು ಹಿಡಿಯೋ ಕಡೆ ಇದ್ದಳು. ನಾನು ಅವತ್ತು ಅವಳ ಜೋಡಿ ಅಲ್ಲ. ಹಳಬರನ್ನೂ ಹೊಸಬರನ್ನೂ ಬೆರೆಸಬೇಕು ಅಂತ ಜೋಡಿ ಮುರಿದಿದ್ದರು. ಬೆಲ್ ಆಯ್ತಂತೆ. ಆಯ್ತಂತೆ ಅಂತ ಯಾಕೆ ಅಂತೀನಿ ಅಂದ್ರೆ ನನಗೂ ಕೇಳಿಸಲಿಲ್ಲ. ಆ ಕೋಣೆಯಲ್ಲಿ ಬೆಲ್ ಕೇಳಿಸೋದು ನೆನ್ನೆ ಮೊನ್ನೆ ಸೇರಿದ ಹುಡುಗಿಯರಿಗೆ ಮಾತ್ರ. ಎದುರಿದ್ದವರು ಬಟ್ಟೆ ಬಿಟ್ಟು ಹೊರಟರು. ಇವಳು ಅಲ್ಲೇ ನಿಂತಳು. ಬೆರಳು ಆಗಲೇ ಮರಗಟ್ಟಿತ್ತು. ಅಂಗೈ ಎತ್ತಿ ತೋರಿಸಿದಳು. ಒಂದು ಸಲ ಅಲ್ಲ, ಎರಡು ಸಲ. ನಾನು ದೂರದಿಂದ ನೋಡಿದೆ. ಸೂಪರ್‌ವೈಸರೂ ನೋಡಿದ. "ಕೈ ತೋರಿಸೋದೆಲ್ಲ ಈಗಿಲ್ಲಮ್ಮ, ಬೆಲ್ ಅಷ್ಟೇ" ಅಂತ ಅವನ ತುಟಿ ಆಡಿದ್ದು ನನಗೆ ಕಾಣಿಸ್ತು. ಅಷ್ಟರಲ್ಲಿ ಸರಿಯಾಗಿ ಹಾಕದ ಬೆಡ್‌ಶೀಟು ರೋಲರಿಗೆ ಸುತ್ತಿಕೊಂಡಿತು. ಬಿಡಿಸೋಕೆ ಕೈ ಹಾಕಿದಳು. ಅಂಗೈ ರೋಲರಿಗೆ ಅಂಟಿಕೊಂಡಿದೆ ಅಂತ ಅವಳಿಗೇ ಗೊತ್ತಾಗಲಿಲ್ಲ ಕಣೇ. ವಾಸನೆ ಬಂದ ಮೇಲೆ ಗೊತ್ತಾಯ್ತು.

ನಾನು ಯಾಕೆ ಓಡಿ ಹೋಗಲಿಲ್ಲ ಅಂತ ನೀನು ಕೇಳಬಹುದು. ದಿನಾ ನನ್ನನ್ನು ನಾನೇ ಕೇಳ್ಕೋತೀನಿ. ಜಾಗ ಬಿಟ್ಟರೆ ಗೋಡೆ ಮೇಲೆ ಹೆಸರು ಬರೀತಿದ್ದರು, ಹಾಗಾಗಿ ಒಂದು ಗಳಿಗೆ ಯೋಚಿಸಿದೆ. ಮೊದಲಾಗಿದ್ದರೆ ಯೋಚಿಸೋ ಮಾತೇ ಇರಲಿಲ್ಲ. ಅಂಗೈ ಕಂಡರೆ ಕಾಲು ತಾನಾಗೇ ಓಡ್ತಿತ್ತು. ಒಂದು ಗಳಿಗೆ ಯೋಚಿಸೋದನ್ನ ಅವರು ನನಗೆ ಕಲಿಸಿಬಿಟ್ಟರು.

ನಿನಗೆ ತಿಳಿಸಬೇಡ ಅಂತ ಅವಳೇ ಕಟ್ಟುಮಾಡಿದ್ದಳು. "ಅವಳು ಬಿಟ್ಟು ಓಡಿ ಬರ್ತಾಳೆ, ಕುರ್ಚಿ ಹೋಗತ್ತೆ" ಅಂದಳು. ನಾನೂ ಬಾಯಿಗೆ ಬೀಗ ಹಾಕಿದ್ದೆ. ಆದರೆ ನೆನ್ನೆ ನೋಟೀಸು ಬಂತು.

ನಾನೇ ಓದಿ ತೋರಿಸಿದೆ. 'ನಿಮ್ಮಿಂದ ನಿರೀಕ್ಷಿಸಿದ್ದು: ಸೂಚನೆ ಬಂದ ಕೂಡಲೇ ಜಾಗ ಬದಲಿಸುವುದು. ನೀವು ಮಾಡಿದ್ದು: ನಿಂತದ್ದು. ಮಾಡದೇ ಇದ್ದದ್ದು: ಉಳಿದದ್ದೆಲ್ಲ.' ಕೊನೆಗೆ, ವಿಚಾರಣೆ ಸೋಮವಾರ, ಇಪ್ಪತ್ತೊಂದನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ. ಕೆಲಸದಿಂದ ಯಾಕೆ ತೆಗೆಯಬಾರದು ಅಂತ ಹೇಳಬೇಕಂತೆ.

ಅವಳು ಇನ್ನೊಂದು ಸಲ ಓದು ಅಂದಳು. ಓದಿದೆ. ಆಮೇಲೆ ನಕ್ಕಳು. "ಗಿಣಿ, ಅಕ್ಷರ ಕಲಿಸಿದ್ದು ದಂಡ ಆಗಲಿಲ್ಲ ಬಿಡು. 'ಉಳಿದದ್ದೆಲ್ಲ' ಅನ್ನೋದು ನನ್ನ ಮಾತು" ಅಂದಳು. ಆ ನಗು ಕಂಡು ನನಗೆ ಹೆದರಿಕೆ ಆಯ್ತು.

ನಿನ್ನ ಪತ್ರ ನಾನೂ ಓದಿದ್ದೀನಿ. ಅದಕ್ಕೇ ಇದು ಯಾರು ಬರೆದದ್ದು ಅಂತ ನಿನ್ನನ್ನ ಕೇಳ್ತಿಲ್ಲ.

ಗಿಣಿ


೧೪ ಸೆಪ್ಟೆಂಬರ್

ದೊಡ್ಡಮ್ಮ,

ಗಿಣಿಯತ್ತೆಯನ್ನು ಬೈಯಬೇಡ. ಅವರು ಹೇಳದಿದ್ದರೆ ನಾನು ಇನ್ನೂ ಚಪ್ಪಾಳೆ ತಟ್ಟಿಸಿಕೊಳ್ಳುತ್ತಾ ಇರುತ್ತಿದ್ದೆ.

ನೋಟೀಸು ನನ್ನದು. ಒಂದು ಅಕ್ಷರವೂ ಬದಲಾಗಿಲ್ಲ. ಯಾವ ಘಟಕ ಅಂತ ಮೇಡಮ್ಮನ್ನು ಕೇಳಬೇಕು ಅನಿಸಿತ್ತು. ಬಾಯಿ ತೆರೆದೆ ಕೂಡ. ಆಮೇಲೆ ಮುಚ್ಚಿದೆ. ಕೇಳಿದರೆ ಬರೆಯಲು ಆಗುವುದಿಲ್ಲ ಅಂತ ಒಳಗೆಲ್ಲೋ ಗೊತ್ತಿತ್ತು. ಎಲ್ಲದಕ್ಕೂ ಯಾಕೆ ಅಂತ ಕೇಳುವ ತಲೆಮಾರಂತೆ ನಮ್ಮದು. ಕೇಳಬೇಕಾದ ಒಂದನ್ನು ಕೇಳಲಿಲ್ಲ.

ನೋಟೀಸಿಗಿಂತ ಕೆಟ್ಟದ್ದು ಇನ್ನೊಂದಿದೆ. ಆಗಸ್ಟಿನ ಪತ್ರದಲ್ಲಿ 'ಬೆಲ್ ಅಂತೆ' ಅಂತ ಬರೆದೆ, ಯಾರೋ ಹೇಳಿದ್ದು ಕಿವಿಗೆ ಬಿದ್ದ ಹಾಗೆ. ಸುಳ್ಳು. ಬೆಲ್ ಆರಿಸಿದವಳು ನಾನು.

ಜುಲೈ ಮೊದಲಲ್ಲಿ ಇಸ್ತ್ರಿ ಸಾಹೇಬ ಇಲ್ಲಿಗೇ ಬಂದಿದ್ದ. ಅಂಗೈ ಪದ್ಧತಿಯನ್ನು ಎಲ್ಲ ಲಾಂಡ್ರಿಗಳಿಗೂ ತರಬೇಕು, ಆದರೆ ಅವರವರಿಗೆ ಬೇಕಾದಾಗ ಅಲ್ಲ, ಒಂದೇ ಅಳತೆಗೆ ತರಬೇಕು ಅಂದ. ಬಣ್ಣದ ದೀಪ ಹಾಕಬಹುದು, ಅದಕ್ಕೆ ತಂತಿ ಎಳೆಯಬೇಕು, ತಡವಾಗುತ್ತದೆ. ಬೆಲ್ ಆದರೆ ಕಚೇರಿಯಲ್ಲಿ ಈಗಾಗಲೇ ಇದೆ, ನಾಳೆಯೇ ಹಾಕಬಹುದು. ಎಲ್ಲರೂ ನನ್ನ ಮುಖ ನೋಡಿದರು. "ನಿಮ್ಮ ಕೋಣೆ, ನಿಮ್ಮ ನಿರ್ಧಾರ. ನಾಯಕಿ ತಡಮಾಡಬಾರದು" ಅಂದರು ಮೇಡಂ. ಬೆಲ್ ಅಂದೆ. ಉಗುಳು ನುಂಗುವಷ್ಟು ಹೊತ್ತೂ ಹಿಡಿಯಲಿಲ್ಲ. ಎಷ್ಟು ಚುರುಕು ಅಂದರು.

ನಿನಗೆ ಕಿವಿ ಕೇಳಿಸದು ಅಂತಲೇ ದಪ್ಪಕ್ಷರದಲ್ಲಿ ಪತ್ರ ಬರೆಯುವವಳು ನಾನು. ಆ ಬೆಳಿಗ್ಗೆಯೂ ನಿನಗೊಂದು ಕಾಗದ ಶುರು ಮಾಡಿ ತಲೆದಿಂಬಿನ ಕೆಳಗೆ ಇಟ್ಟು ಬಂದಿದ್ದೆ. ಮರೆತೆ ಅಂತ ಹೇಳಿಬಿಡಬಹುದು. ಮರೆಯಲಿಲ್ಲ. ನೆನಪಾಯಿತು. ಬೆಲ್ ಅಂದ ಮೇಲೆ ನೆನಪಾಯಿತು. 'ಇರಿ, ತಪ್ಪಾಯ್ತು' ಅನ್ನುವುದಕ್ಕೆ ಆಗಲೂ ಹೊತ್ತಿತ್ತು. ಮೊದಲ ಸಲ ಯಾರೋ ನನ್ನ ಮಾತು ಒಪ್ಪಿದ್ದರು. ಅದನ್ನು ವಾಪಸು ತೆಗೆದುಕೊಳ್ಳುವುದಕ್ಕೆ ನಾಚಿಕೆಯಾಯಿತು. ಹಳಬರು ಹೇಗೋ ಹೊಂದಿಕೊಳ್ಳುತ್ತಾರೆ ಅಂದುಕೊಂಡೆ. ನನ್ನ ನಾಚಿಕೆಯ ಬೆಲೆ ನಿನ್ನ ಅಂಗೈ.

ರಾಜೀನಾಮೆ ಬರೆದಿಟ್ಟಿದ್ದೇನೆ. ನಾಳೆ ಕೊಡುತ್ತೇನೆ. ಇದೇ ಇಪ್ಪತ್ತೊಂದರಂದು ತರಬೇತಿ ಮುಗಿದು ಇಲ್ಲಿ ನಮಗೆ ಹಾರ, ಬ್ಯಾಡ್ಜು. ಅದು ನನಗೆ ಬೇಡ. ಊರಿಗೆ ಬಂದು ಮತ್ತೆ ಬಟ್ಟೆ ಹಾಕುವ ಕಡೆ ನಿಲ್ಲುತ್ತೇನೆ. ಕೋಣೆಯವರಿಗಾಗಿ ಒಂದು ಕರಪತ್ರವನ್ನೂ ಬರೆದಿದ್ದೇನೆ, ಇದರ ಜೊತೆ ಇದೆ. ತಿದ್ದಿಕೊಡು. ತಿದ್ದಲು ಮನಸ್ಸಿಲ್ಲದಿದ್ದರೆ ಒಲೆಗೆ ಹಾಕು. ಕರಪತ್ರ ಹೀಗಿದೆ:

'ಕೊಡುತ್ತೇವೆ ಎಂದದ್ದು: ಸಮಾನ ಸರದಿ. ಕೊಟ್ಟದ್ದು: ಕಿವುಡರ ಕೋಣೆಗೆ ಬೆಲ್. ಕಿತ್ತುಕೊಂಡದ್ದು: ನಮ್ಮ ಅಂಗೈ. ನಮ್ಮ ಕೈಗಳು ಸುಟ್ಟಿವೆ. ತಪ್ಪು ನಡೆದಿದೆ. ಆಡಳಿತ ಇದಕ್ಕೆ ಉತ್ತರ ಕೊಡಬೇಕು.'

ಸಭೆಯ ದಿನ ಬರೆದಿಲ್ಲ. ಸಭೆ ಕರೆಯುವ ಹಕ್ಕು ನನಗೆ ಇದೆಯೋ ಇಲ್ಲವೋ ತಿಳಿಯಲಿಲ್ಲ.

ಸೂಜಿ


೧೭ ಸೆಪ್ಟೆಂಬರ್, ಗುರುವಾರ

ಸೂಜಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು. ಓದಿಕೋ.

ರಾಜೀನಾಮೆ ಕೊಟ್ಟಿದ್ದರೆ ವಾಪಸು ತಗೋ. ಕೊಡದಿದ್ದರೆ ಹರಿದು ಹಾಕು. ಅದು ಪಾಪ ತೊಳೆಯುವ ಸೋಪಲ್ಲ. ಲಾಂಡ್ರಿಯಲ್ಲಿ ಬೆಳೆದವಳಿಗೆ ಇಷ್ಟು ತಿಳಿಯಬೇಕು. ನೀನು ಬಿಟ್ಟರೆ ಆ ಕುರ್ಚಿಯ ಮೇಲೆ ಇನ್ನೊಬ್ಬ ಬಂದು ಕೂರುತ್ತಾನೆ, ಬೆಲ್ ಹಾಗೇ ಇರುತ್ತದೆ, ನೀನು ಮಾತ್ರ ಹಗುರಾಗಿ ಮನೆಗೆ ಬರುತ್ತೀಯ. ನಿನ್ನ ಹಗುರ ನನಗೆ ಬೇಡ.

ಕರಪತ್ರ ತಿದ್ದಿದ್ದೇನೆ.

'ನಮ್ಮ ಕೈಗಳು ಸುಟ್ಟಿವೆ' ಅಂತ ಬರೆದಿದ್ದೀಯ. ನಿನ್ನ ಕೈ ಎಲ್ಲಿ ಸುಟ್ಟಿದೆ? ಆ ಸಾಲು ಹೊಡೆದುಹಾಕಿದೆ. 'ತಪ್ಪು ನಡೆದಿದೆ' ಅಂತ ಬರೆದಿದ್ದೀಯ. ತಪ್ಪು ಕಾಲು ಬಂದು ತಾನಾಗಿ ನಡೆಯಿತಾ? ಯಾರು ಮಾಡಿದ್ದು ಅಂತ ಬರಿ. 'ಬೆಲ್ ಆರಿಸಿದವಳು ನಾನು. ಅವರಿಗೆ ಕೇಳಿಸುತ್ತದಾ ಅಂತ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.' ಹೀಗೆ ಬರಿ. ಅದರ ಮೇಲೆ ಆಡಳಿತ ಉತ್ತರ ಕೊಡಬೇಕು ಅನ್ನು. ಆಗ ಆ ಮಾತಿಗೆ ಕಾಲು ಬರುತ್ತದೆ.

ನಿನ್ನನ್ನು ಕ್ಷಮಿಸಿದ್ದೇನಾ ಅಂತ ನೀನು ಕೇಳಿಲ್ಲ. ಕೇಳದೇ ಇದ್ದದ್ದು ಒಳ್ಳೆಯದಾಯಿತು. ಬೆಳಿಗ್ಗೆ ಕಟ್ಟು ಬಿಚ್ಚುವಾಗ ಇಲ್ಲ ಅನಿಸುತ್ತದೆ. ಸಂಜೆ ಹೊತ್ತಿಗೆ ನನ್ನ ಲೆಕ್ಕ ನೆನಪಾಗುತ್ತದೆ. ಅದನ್ನೂ ಬರೆಯುತ್ತೇನೆ, ನಿಯಮ ಇಬ್ಬರಿಗೂ ಒಂದೇ.

ಸಂಘ ನಿನಗೆ ಕೊಡುತ್ತೇವೆ ಎಂದದ್ದು: ಕಾರ್ಯದರ್ಶಿಯ ಜಾಗ. ಸಭೆಯಲ್ಲಿ ಮಾತು. ಕೊಟ್ಟದ್ದು: ಕರಪತ್ರ ಬರೆಯುವ ಕೆಲಸ. ಬರೆಯುವವಳು ನೀನು, ಓದಿ ಚಪ್ಪಾಳೆ ತಟ್ಟಿಸಿಕೊಳ್ಳುವವಳು ನಾನು. ಕೊಡದೇ ಇದ್ದದ್ದು: ಉಳಿದದ್ದೆಲ್ಲ. ಮುಂದಿನ ಸಲ, ಮುಂದಿನ ಸಲ ಅಂದು ಅಂದು ನಿನ್ನನ್ನು ಮೂವತ್ತು ದಾಟಿಸಿದೆವು. ಹುಡುಗಿ ಇನ್ನೂ ಹಸಿ ಅಂದೆವು. ಹಸಿ ಅಂದವರೇ ಮಳೆಬಿಸಿಲಿಗೆ ಬಿಡದೆ ಮುಚ್ಚಿಟ್ಟೆವು. ನಿನ್ನ ಹಸಿವು ನಮಗೆ ಕಾಣಿಸಿತ್ತು ಸೂಜಿ. ಕಂಡೂ ನಾವು ಬಡಿಸಲಿಲ್ಲ. ಅವರು ಒಂದು ಚೆಂಡು ಎಸೆದರು. ನೀನು ಮನೆಯೊಳಗಿನದನ್ನೆಲ್ಲ ತೆಗೆದು ಅವರ ಮುಂದೆ ಇಟ್ಟೆ. ಮೊದಲು ಕೇಳಿದವರಿಗೆ ಹೇಳಿದೆ, ಅಷ್ಟೇ. ನಾವು ಮೊದಲು ಕೇಳಬೇಕಿತ್ತು.

ಇದರಿಂದ ನಿನ್ನ ತಪ್ಪು ಒಂದು ಗುಂಜಿಯಷ್ಟೂ ಕಮ್ಮಿಯಾಗುವುದಿಲ್ಲ. ನನ್ನದು ಅದರ ಪಕ್ಕ ಕೂರುತ್ತದೆ.

ಇನ್ನು ಕೆಲಸದ ಮಾತು. ಸೋಮವಾರ ಹನ್ನೊಂದಕ್ಕೆ ವಿಚಾರಣೆ. ಅಲ್ಲಿ ನಾನು ಬೆಲ್ ಕೇಳಿಸಲಿಲ್ಲ ಅಂದರೆ, ಕಿವಿ ಕೇಳದವಳು ಮೆಷಿನ್ ಹತ್ತಿರ ಯಾಕಮ್ಮ ಅಂತ ನನ್ನನ್ನೇ ತೆಗೆಯುತ್ತಾರೆ. ನನ್ನ ಹಿಂದೆ ಅರ್ಧ ಕೋಣೆಯನ್ನೂ ತೆಗೆಯುತ್ತಾರೆ. ಕಿವಿ ತಿಂದವರೇ ಕಿವಿಯಿಲ್ಲ ಅಂತ ಹೊರಗೆ ಹಾಕುತ್ತಾರೆ. ಬೆಲ್ ಹೇಗೆ ಬಂತು, ಯಾರು ಯಾರನ್ನು ಕೇಳದೆ ತಂದರು ಅಂತ ಹೇಳಬಲ್ಲವಳು ನೀನೊಬ್ಬಳು. ಅದೂ ಅವರೇ ಬೆಳೆಸಿದ ನಾಯಕಿಯಾಗಿ ಹೇಳಬೇಕು, ಬಿಟ್ಟು ಬಂದವಳಾಗಿ ಅಲ್ಲ. ಅದೇ ದಿನ ಅಲ್ಲಿ ಹಾರ ಇದೆ, ಇಲ್ಲಿ ವಿಚಾರಣೆ ಇದೆ. ಎರಡೂ ಕಡೆ ಇರಲು ಆಗುವುದಿಲ್ಲ. ಬಂದರೆ ಹಾರವೂ ಹೋಗುತ್ತದೆ, ಕುರ್ಚಿಯೂ 'ಮುಂದಿನ ಸಲ' ಆಗಬಹುದು. ತೂಗಿ ನೋಡು. ಈ ಸಲ ತಡಮಾಡಿದರೂ ಪರವಾಗಿಲ್ಲ, ಒಂದು ರಾತ್ರಿ ಪೂರ್ತಿ ತಗೋ.

ಬರುವುದಾದರೆ ಸೋಮವಾರ ನೇರವಾಗಿ ಬರಬೇಡ. ಅದಕ್ಕೆ ಮೊದಲು ಕೋಣೆಯವರ ಮುಂದೆ ನಿಲ್ಲಬೇಕು. ಸಾಹೇಬರ ಎದುರು ತಪ್ಪೊಪ್ಪಿಕೊಳ್ಳುವುದು ಸಲೀಸು, ಅಲ್ಲಿ ಫೈಲು ಇರುತ್ತದೆ, ಟೇಬಲ್ ಅಡ್ಡ ಇರುತ್ತದೆ. ಇಲ್ಲಿ ಏನೂ ಅಡ್ಡ ಇರುವುದಿಲ್ಲ.

ಸಭೆ ಕರೆದಿದ್ದೇನೆ. ಅಧ್ಯಕ್ಷತೆ ಗಿಣಿಯದು. ನಾನು ಕೆಳಗೆ ಎಲ್ಲರ ಜೊತೆ ಕೂರುತ್ತೇನೆ. ಮೊದಲ ಮಾತು ನಿನ್ನದು. ಯಾರೂ ಕೂತ್ಕೊಳಮ್ಮ ಅನ್ನುವುದಿಲ್ಲ, ಅಂದರೆ ಗಿಣಿ ನೋಡಿಕೊಳ್ಳುತ್ತಾಳೆ. ನಿನ್ನ ಮಾತಾದ ಮೇಲೆ ಅವರು ಕೇಳುತ್ತಾರೆ, ನೀನು ಉತ್ತರ ಕೊಡಬೇಕು. ಮೈಕ್ ತರಬೇಡ, ನಾವು ಕೇಳಿಸಿಕೊಳ್ಳುವವರಲ್ಲ, ನೋಡುವವರು. ಬೆಳಕಿಗೆ ಮುಖ ಕೊಟ್ಟು ನಿಂತು ನಿಧಾನವಾಗಿ ಮಾತಾಡು, ತುಟಿ ಕಾಣಲಿ. ಪ್ರಶ್ನೆ ಇದ್ದವರು ಅಂಗೈ ಎತ್ತುತ್ತಾರೆ. ಮೊದಲು ಎತ್ತುವುದು ನಾನು. ಕಟ್ಟು ಬಿಚ್ಚಿಕೊಂಡೇ ಬರುತ್ತೇನೆ. ನೀನು ಅದನ್ನು ನೋಡಿ ಮಾತಾಡಬೇಕು.

ಬಟ್ಟೆ ಒಣಹಾಕುವ ಅಂಗಳದಲ್ಲಿ ಸೇರುತ್ತೇವೆ. ಶನಿವಾರ ಸಂಜೆಯ ಲಾರಿಯಲ್ಲಿ ಡ್ರೈವರ್ ನಿನಗಾಗಿ ಪಕ್ಕದ ಸೀಟು ಖಾಲಿ ಬಿಟ್ಟಿರುತ್ತಾನೆ.

ನಿನ್ನ
ದೊಡ್ಡಮ್ಮ

ಸಭೆ: ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.